ಇ-ರೀಡರೋ ಟ್ಯಾಬ್ಲೆಟ್ಟೋ: ಮೊದಲು ಪುಸ್ತಕದ ಪಟ್ಟಿ ಬರೆಯಿರಿ

ಓದುವುದಕ್ಕೆಂದೇ ಒಂದು ಸಾಧನ ಕೊಳ್ಳುವ ಯೋಚನೆ ಬಂದಾಗ ಎಲ್ಲರೂ ಮೊದಲು ಕೇಳುವುದು ಬೆಲೆ, ಆಮೇಲೆ ಕಣ್ಣಿಗೆ ಯಾವುದು ಹಿತ ಅನ್ನುವುದು. ಬರೀ ಇಂಗ್ಲಿಷ್ ಓದುವವರಿಗೆ ಈ ಎರಡು ಪ್ರಶ್ನೆ ಸಾಕು, ಕನ್ನಡ ಓದುವವರಿಗೆ ಸಾಲದು. ಬೇಕಾದ ಪುಸ್ತಕ ಯಾವ ರೂಪದಲ್ಲಿ ಸಿಗುತ್ತದೆ ಎಂದು ನೋಡದೆ ಇ-ರೀಡರ್ (ಪುಸ್ತಕ ಓದಲಿಕ್ಕೆಂದೇ ಮಾಡಿದ ಯಂತ್ರ) ತಂದರೆ ಮೂರನೇ ತಿಂಗಳಿಗೆ ಅದು ಟಿ.ವಿ. ಪಕ್ಕದಲ್ಲಿ ಧೂಳು ಹಿಡಿದು ಕೂತಿರುತ್ತದೆ.

ಹಾಗಾಗಿ ಮುಂದಿನ ಆರು ತಿಂಗಳಲ್ಲಿ ಓದಬೇಕೆಂದಿರುವ 20 ಪುಸ್ತಕಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದೂ ಎಲ್ಲಿ ಸಿಗುತ್ತದೆ ಎಂದು ಹುಡುಕಿ ಮುಂದೆ ಗುರುತು ಹಾಕಿ: ಆ್ಯಪ್‌ನಲ್ಲಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಆಗಿ, ಇಪಬ್ ಫೈಲ್ (ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಹೊಂದಿಕೊಳ್ಳುವ ಇ-ಪುಸ್ತಕ) ಆಗಿ, ಇಲ್ಲವೇ ಬರೀ ಅಚ್ಚಿನಲ್ಲಿ. ಒಂದು ಸಂಜೆಯ ಕೆಲಸ. ಅರ್ಧಕ್ಕಿಂತ ಹೆಚ್ಚು ಪುಸ್ತಕಗಳ ಮುಂದೆ ‘ಬರೀ ಅಚ್ಚು’ ಎಂದು ಬಂದರೆ ಸಾಧನದ ಆಸೆ ಬಿಡಿ. ಆ ದುಡ್ಡಿಗೆ ಪುಸ್ತಕಗಳೇ ಬರುತ್ತವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಮೂರೂ ಕಡೆ ಜಿಲ್ಲಾ ಕೇಂದ್ರ ಗ್ರಂಥಾಲಯವೂ ಇದೆ.

ಕನ್ನಡ ಪುಸ್ತಕ ಇರುವುದೆಲ್ಲಿ

ಅಮೆಜಾನ್‌ನ ಕಿಂಡಲ್ 2016ರಲ್ಲಿ ಭಾರತೀಯ ಭಾಷೆಗಳ ಪುಸ್ತಕಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು. ಕನ್ನಡ ಇರಲಿಲ್ಲ, ತೆಲುಗೂ ಇರಲಿಲ್ಲ. ಎರಡನ್ನೂ ಓದುವ ಬಾಗೇಪಲ್ಲಿ, ಚಿಂತಾಮಣಿ, ಶ್ರೀನಿವಾಸಪುರದ ಕಡೆಯವರಿಗೆ ಎರಡೂ ಒಟ್ಟಿಗೇ ತಪ್ಪಿಹೋದವು. ಕನ್ನಡದ ಇ-ಪುಸ್ತಕಗಳು ಬೆಳೆದದ್ದು ಬೇರೆ ಅಂಗಳಗಳಲ್ಲಿ: ಮೈಲ್ಯಾಂಗ್, ವಿವಿಡ್‌ಲಿಪಿ, ಗೂಗಲ್ ಪ್ಲೇ ಬುಕ್ಸ್. ಇಂಥ ಕಡೆ ಕೊಂಡ ಪುಸ್ತಕವನ್ನು ಸಾಮಾನ್ಯವಾಗಿ ಆಯಾ ಆ್ಯಪ್‌ನಲ್ಲೇ ಓದಬೇಕು. ಕಿಂಡಲ್ ಯಂತ್ರಕ್ಕೆ ಆ್ಯಂಡ್ರಾಯ್ಡ್ ಆ್ಯಪ್ ಹಾಕಲು ಬರುವುದಿಲ್ಲ. ರಾಜ್ಯ ಸರ್ಕಾರ 2020ರಲ್ಲಿ ಶುರು ಮಾಡಿದ ಡಿಜಿಟಲ್ ಸಾರ್ವಜನಿಕ ಗ್ರಂಥಾಲಯದ ಕಥೆಯೂ ಅದೇ. ನೋಂದಣಿ ಉಚಿತ, ಆದರೆ ಅದನ್ನು ಬಳಸಲು ಫೋನೋ ಟ್ಯಾಬ್ಲೆಟ್ಟೋ ಕಂಪ್ಯೂಟರೋ ಬೇಕು.

ಅಂದರೆ ಪಟ್ಟಿಯಲ್ಲಿ ‘ಆ್ಯಪ್’ ಗುರುತೇ ಜಾಸ್ತಿಯಿದ್ದರೆ ಟ್ಯಾಬ್ಲೆಟ್ ಕೊಳ್ಳಿ. ಇಲ್ಲವೇ ಆ್ಯಂಡ್ರಾಯ್ಡ್ ಓಡುವ ಇ-ಇಂಕ್ (ಇ-ರೀಡರ್‌ಗಳಲ್ಲಿರುವ, ಕಾಗದದಂತೆ ಕಾಣುವ ಪರದೆ) ಸಾಧನ, ಉದಾಹರಣೆಗೆ ಓನಿಕ್ಸ್ ಬೂಕ್ಸ್. ಬೂಕ್ಸ್ ಥರದ್ದಕ್ಕೆ ಬೆಲೆ ಹೆಚ್ಚು. ಕೊಳ್ಳುವ ಮುಂಚೆಯೇ, ಮುಂದೆ ಕೆಟ್ಟರೆ ರಿಪೇರಿ ಮಾಡಿಕೊಡುವವರು ಯಾರು, ಎಲ್ಲಿ ಎಂದು ಮಾರುವವರಿಂದ ಬರಹದಲ್ಲಿ ಪಡೆದುಕೊಳ್ಳಿ. ಇ-ಇಂಕ್ ಪರದೆಯಲ್ಲಿ ಆ್ಯಪ್ ಓದುವಾಗ ಬೆರಳಿನಿಂದ ಉದ್ದಕ್ಕೆ ಎಳೆಯುವ ರೀತಿ ಬಿಟ್ಟು ಪುಟ ತಿರುವುವ ರೀತಿ ಆಯ್ದುಕೊಳ್ಳಿ; ಎಳೆದರೆ ಹಿಂದಿನ ಸಾಲುಗಳ ನೆರಳು ಪರದೆಯ ಮೇಲೆ ಉಳಿಯುತ್ತದೆ.

ಪುಟದ ಅಳತೆಯ ಲೆಕ್ಕ

ಹಳೆಯ ಕನ್ನಡ ಪುಸ್ತಕಗಳ ದೊಡ್ಡ ಕಣಜ ಇರುವುದು ಆರ್ಕೈವ್ ಡಾಟ್ ಆರ್ಗ್ ತಾಣದಲ್ಲಿ, ಸ್ಕ್ಯಾನ್ ರೂಪದಲ್ಲಿ. ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ಮರುವರ್ಷದಿಂದ 60 ವರ್ಷ ಇರುತ್ತದೆ. ಅದು ಮುಗಿದವರ ಪುಸ್ತಕಗಳನ್ನು ಯಾವ ಅಳುಕೂ ಇಲ್ಲದೆ ಇಳಿಸಿಕೊಳ್ಳಬಹುದು. ಅಲ್ಲಿ ಇಪಬ್ ಎಂಬ ಆಯ್ಕೆಯೂ ಕಾಣುತ್ತದೆ, ಅದನ್ನು ಮುಟ್ಟಬೇಡಿ. ಅದು ಚಿತ್ರದಿಂದ ಯಂತ್ರವೇ ಅಕ್ಷರ ಗುರುತಿಸಿ ಕಟ್ಟಿದ ಫೈಲು. ಕನ್ನಡದಲ್ಲಿ ಸಾಲುಸಾಲಿಗೂ ತಪ್ಪು ಸಿಗುವುದುಂಟು. ಪಿಡಿಎಫ್ ಅನ್ನೇ ತೆಗೆದುಕೊಳ್ಳಿ.

ಸ್ಕ್ಯಾನ್ ಪಿಡಿಎಫ್ ಅಂದರೆ ಪುಟದ ಫೋಟೋ. ಅಕ್ಷರ ದೊಡ್ಡದು ಮಾಡಿದರೆ ಸಾಲು ತಾನಾಗಿ ಮುರಿದು ಕೂರುವುದಿಲ್ಲ. ಆದ್ದರಿಂದ ಇಲ್ಲಿ ಪರದೆಯ ಅಳತೆಯೇ ಎಲ್ಲ. ಕನ್ನಡ ಪುಸ್ತಕಗಳಲ್ಲಿ ಬಹುಪಾಲು ಡೆಮಿ ಅಷ್ಟದಳ: ಸುಮಾರು 14 ಸೆಂ.ಮೀ. ಅಗಲ, 21.5 ಸೆಂ.ಮೀ. ಎತ್ತರ. ಅಂಚು ಬಿಟ್ಟು ಅಕ್ಷರ ಇರುವ ಜಾಗ ಹೆಚ್ಚೂಕಮ್ಮಿ 10.5 × 17 ಸೆಂ.ಮೀ. 7 ಇಂಚಿನ ಇ-ರೀಡರ್ ಪರದೆ 10.7 × 14.2 ಸೆಂ.ಮೀ. ಇಡೀ ಪುಟವನ್ನು ಅದರಲ್ಲಿ ತುರುಕಿದರೆ ಅಕ್ಷರ ಮೂರನೇ ಎರಡರಷ್ಟಕ್ಕೆ ಇಳಿಯುತ್ತದೆ, 12 ಪಾಯಿಂಟಿನದು 8 ಆಗುತ್ತದೆ. ಇಂಗ್ಲಿಷ್ ಆಗಿದ್ದರೆ ಹೇಗೋ ತಳ್ಳಬಹುದು. ಕನ್ನಡದಲ್ಲಿ ಮೊದಲು ಸಾಯುವುದು ಒತ್ತಕ್ಷರ: ‘ಸ್ತ್ರೀ’ ಬರೀ ಮಸಿಯ ಚುಕ್ಕೆಯಾಗುತ್ತದೆ, ‘ಪ’ ಯಾವುದು ‘ಷ’ ಯಾವುದು ಎಂದು ಕಣ್ಣು ಕಿರಿದು ಮಾಡಬೇಕಾಗುತ್ತದೆ. ಅಂಚು ಕತ್ತರಿಸಿಕೊಂಡರೆ ಅದೇ 12 ಪಾಯಿಂಟು 10ಕ್ಕೆ ನಿಲ್ಲುತ್ತದೆ, ಓದಬಹುದು. ಯಂತ್ರವನ್ನು ಅಡ್ಡ ಹಿಡಿದು ಪುಟವನ್ನು ಎರಡು ಮೂರು ತುಂಡಾಗಿ ಓದಿದರೆ ಇನ್ನೂ ದೊಡ್ಡದಾಗುತ್ತದೆ, ಬೆರಳಿಗೆ ಕೆಲಸವೂ ಹೆಚ್ಚುತ್ತದೆ. 6 ಇಂಚಿನ ಪರದೆ ಸ್ಕ್ಯಾನಿಗೆ ಬೇಡವೇ ಬೇಡ.

ಟ್ಯಾಬ್ಲೆಟ್ ಕಡೆ ನೋಡಿ. 11 ಇಂಚಿನ ಉದ್ದನೆಯ ಪರದೆ ಸುಮಾರು 14.8 × 23.7, ಡೆಮಿ ಪುಟ ಅಂಚಿನ ಸಮೇತ ಇದ್ದ ಅಳತೆಯಲ್ಲೇ ಕೂರುತ್ತದೆ. 8.7 ಇಂಚಿನದು 11.3 × 19. ಅಂಚು ಕತ್ತರಿಸಿದರೆ ಅಲ್ಲೂ ಅಚ್ಚಿನಷ್ಟೇ ಗಾತ್ರ. ಸ್ಪರ್ಧಾತ್ಮಕ ಪರೀಕ್ಷೆಯ ಎ4 ನೋಟ್ಸ್, ಬಣ್ಣದ ನಕ್ಷೆ, ಪಠ್ಯಪುಸ್ತಕ ಸಂಘದ ಪಿಡಿಎಫ್‌ಗಳು, ಪತ್ರಿಕೆಗಳ ಇ-ಪೇಪರ್, ಇವುಗಳಿಗೆ 11 ಇಂಚಿಗಿಂತ ಕಡಿಮೆಯದನ್ನು ನೋಡಬೇಡಿ.

ಈ ಲೆಕ್ಕ ಬಾಯಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಒಂದು ರಟ್ಟಿನಲ್ಲಿ 10.7 × 14.2 ಸೆಂ.ಮೀ. ಕಿಂಡಿ ಕತ್ತರಿಸಿ ಮನೆಯಲ್ಲಿರುವ ಪುಸ್ತಕದ ಪುಟದ ಮೇಲಿಡಿ. ಕಿಂಡಿಯ ಹೊರಗೆ ಎಷ್ಟು ಸಾಲು ಉಳಿಯಿತೋ ಅಷ್ಟನ್ನೂ ಒಳಗೆ ಎಳೆದುಕೊಳ್ಳಲು ಅಕ್ಷರ ಕುಗ್ಗಬೇಕು.

ಟೈಪ್ ಮಾಡಿದ್ದೆಲ್ಲ ಯೂನಿಕೋಡ್ ಅಲ್ಲ

ಸ್ಕ್ಯಾನ್ ಅಲ್ಲದ, ಡಿಟಿಪಿ ಮಾಡಿದ ಪಿಡಿಎಫ್ ಸಿಕ್ಕಿದರೆ ಇಪಬ್‌ಗೆ ಬದಲಿಸಿಕೊಂಡು ಇ-ರೀಡರ್‌ನಲ್ಲಿ ಓದೋಣ ಅನ್ನಿಸುತ್ತದೆ. ಇಲ್ಲೊಂದು ಗುಂಡಿಯಿದೆ. ಯೂನಿಕೋಡ್ ಅಂದರೆ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಕೇತ ಇರುವ ಪದ್ಧತಿ; ಎಲ್ಲ ಫೈಲೂ ಅದರಲ್ಲಿರುವುದಿಲ್ಲ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಕನ್ನಡದ ಚೂರುಗಳನ್ನು ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟು ಒಳಗೇ ಇರುವುದರಿಂದ ಪಿಡಿಎಫ್ ಚೆನ್ನಾಗಿ ಕಾಣುತ್ತದೆ. ಬದಲಿಸಿದ ತಕ್ಷಣ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಪರೀಕ್ಷೆ ಸುಲಭ: ಫೋನಿನಲ್ಲಿ ಪಿಡಿಎಫ್ ತೆರೆದು ಒಂದು ಪದವನ್ನು ಒತ್ತಿಹಿಡಿದು ಕಾಪಿ ಮಾಡಿ, ವಾಟ್ಸ್‌ಆ್ಯಪ್‌ನಲ್ಲಿ ಪೇಸ್ಟ್ ಮಾಡಿ. ಕನ್ನಡವೇ ಬಂದರೆ ಯೂನಿಕೋಡ್. ಕಸ ಬಂದರೆ ಹಳೆಯ ಫಾಂಟು, ಅದನ್ನು ಸ್ಕ್ಯಾನಿನಂತೆಯೇ ಲೆಕ್ಕ ಹಿಡಿಯಿರಿ. ಪದ ಆಯ್ಕೆಯೇ ಆಗದಿದ್ದರೆ ಅದು ಫೋಟೋ.

ಯೂನಿಕೋಡ್ ಇಪಬ್ ಇದ್ದರೂ ಯಂತ್ರ ಒತ್ತಕ್ಷರ ಕೂಡಿಸಬಲ್ಲದೇ ಎಂದು ನೋಡಬೇಕು. ‘ಜ್ಞಾನ, ಸೂರ್ಯ, ವಾಙ್ಮಯ, ಸ್ವಾತಂತ್ರ್ಯ’ ಇರುವ ಒಂದು ಪುಟ ಸಾಕು. ಕೂಡಿಸಲಾರದ ಯಂತ್ರದಲ್ಲಿ ಅರ್ಧಾಕ್ಷರದ ಗುರುತು ಬೇರೆ, ವ್ಯಂಜನ ಬೇರೆ ನಿಂತಿರುತ್ತವೆ, ಇಲ್ಲವೇ ಖಾಲಿ ಚೌಕಗಳು. ಚೌಕ ಬಂದರೆ ನೋಟೋ ಸೆರಿಫ್ ಕನ್ನಡದಂಥ ಫಾಂಟ್ ಹಾಕಿ ನೋಡಬಹುದು. ಒತ್ತಕ್ಷರ ಬಿಡಿಬಿಡಿಯಾದರೆ ಫಾಂಟು ಬದಲಿಸಿ ಪ್ರಯೋಜನವಿಲ್ಲ, ತೊಂದರೆ ತಂತ್ರಾಂಶದ್ದು.

ಬಿಸಿಲು, ರೈಲು, ಕಣ್ಣು

ಇ-ಇಂಕ್ ಪರದೆಯಲ್ಲಿ ಕಪ್ಪು ಬಿಳಿ ಕಣಗಳು ವಿದ್ಯುತ್ತಿನ ಒತ್ತಾಸೆಗೆ ಮೇಲೆ ಕೆಳಗೆ ಸರಿದು ಅಲ್ಲೇ ನಿಲ್ಲುತ್ತವೆ. ಪುಟ ತಿರುವುವಾಗ ಮಾತ್ರ ಪರದೆಗೆ ವಿದ್ಯುತ್ ಬೇಕು. ಅದಕ್ಕೇ ದಿನಕ್ಕೆ ಅರ್ಧ ಗಂಟೆ ಓದಿದರೆ ಚಾರ್ಜು ವಾರಗಟ್ಟಲೆ ಬರುತ್ತದೆ. ಹಳ್ಳಿಯಲ್ಲಿ ಕರೆಂಟು ಹೋದರೂ ಓದು ನಿಲ್ಲುವುದಿಲ್ಲ. ಮುಂಬೆಳಕನ್ನು (ಕತ್ತಲಲ್ಲಿ ಓದಲು ಯಂತ್ರದಲ್ಲೇ ಇರುವ ದೀಪ) ಪೂರ್ತಿ ಏರಿಸಿಟ್ಟು ವೈ-ಫೈ ಆನ್ ಮಾಡಿಟ್ಟರೆ ಮಾತ್ರ ಬೇಗ ಇಳಿಯುತ್ತದೆ.

ತುಮಕೂರಿನಿಂದ ದಿನಾ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಕಿಟಕಿಯ ಬಿಸಿಲು ಬಿದ್ದಷ್ಟೂ ಇ-ಇಂಕ್ ಸ್ಪಷ್ಟ, ಟ್ಯಾಬ್ಲೆಟ್ ಕನ್ನಡಿಯಾಗುತ್ತದೆ. ನಿಂತುಕೊಂಡು ಒಂದು ಕೈಯಲ್ಲಿ ಕಂಬಿ ಹಿಡಿದಾಗ 7 ಇಂಚಿನ ಕಿಂಡಲ್ ಪೇಪರ್‌ವೈಟ್ 211 ಗ್ರಾಂ. 11 ಇಂಚಿನ ಟ್ಯಾಬ್ಲೆಟ್ 480 ಗ್ರಾಂ ಆಸುಪಾಸು, ಕವರು ಹಾಕಿದರೆ ಇನ್ನೂ ಹೆಚ್ಚು. ಯಶವಂತಪುರ ಬರುವಷ್ಟರಲ್ಲಿ ಮಣಿಕಟ್ಟು ಹೇಳುತ್ತದೆ.

ಕಣ್ಣಿನ ಬಗ್ಗೆ ಮಾತ್ರ ಜಾಹೀರಾತು ಹೇಳುವಷ್ಟು ನಂಬಬೇಡಿ. ಯಾವ ಪರದೆಯಾದರೂ ದಿಟ್ಟಿಸಿ ಓದುವಾಗ ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಟ್ಯಾಬ್ಲೆಟ್‌ನ ದೊಡ್ಡ ತೊಂದರೆ ಬೆಳಕಿಗಿಂತ ನೋಟಿಫಿಕೇಶನ್ನು.

ಅಂಗಡಿಯಲ್ಲಿ ಹತ್ತು ನಿಮಿಷ

ತುಮಕೂರಿನ ಎಂ.ಜಿ. ರಸ್ತೆಯಂಥ ಕಡೆ ಟ್ಯಾಬ್ಲೆಟ್ ಕೈಗೆ ಸಿಗುತ್ತದೆ, ಇ-ರೀಡರ್ ಸಿಗುವುದು ಅಪರೂಪ. ಅದನ್ನು ಆನ್‌ಲೈನ್ ತರಿಸುವುದಾದರೆ ವಾಪಸ್ ಮಾಡುವ ನಿಯಮ, ಕೊನೆಯ ದಿನ ಎರಡನ್ನೂ ಮೊದಲೇ ಓದಿಕೊಳ್ಳಿ. ಟ್ಯಾಬ್ಲೆಟ್ ನೋಡಲು ಹೋಗುವಾಗ ನಿಮ್ಮದೇ ಮೂರು ಫೈಲು ಒಯ್ಯಿರಿ: 100 ಎಂಬಿಗಿಂತ ದೊಡ್ಡ ಸ್ಕ್ಯಾನ್ ಒಂದು, ಎ4 ನೋಟ್ಸ್ ಒಂದು, ಕನ್ನಡ ಇಪಬ್ ಒಂದು. ಸ್ಕ್ಯಾನ್ ತೆರೆದು ಬೇಗಬೇಗ 20 ಪುಟ ತಿರುವಿ. ಪುಟ ಬಿಳಿಯಾಗಿ ನಿಂತು ಎರಡು ಸೆಕೆಂಡಿನ ಮೇಲೆ ಅಕ್ಷರ ಬಂದರೆ ಆ ಯಂತ್ರ ಬಿಡಿ, ಕಡಿಮೆ ರ‍್ಯಾಮ್‌ನ ಅಗ್ಗದ ಟ್ಯಾಬ್ಲೆಟ್‌ಗಳು ಎಡವುವುದು ಇಲ್ಲೇ. ಆಮೇಲೆ ಅಂಗಡಿಯ ಬಾಗಿಲಾಚೆ ಬಿಸಿಲಿಗೆ ಹಿಡಿದು ನೋಡಿ. ಸಿಮ್ ಹಾಕುವ ಮಾದರಿಗೆ ಹೆಚ್ಚು ಕೊಡಬೇಡಿ, ಓದಲು ಫೋನಿನ ಹಾಟ್‌ಸ್ಪಾಟ್ ಸಾಕು. ಮೆಮೊರಿ ಕಾರ್ಡಿನ ಕಿಂಡಿ ಮಾತ್ರ ಇರಲಿ.

ಲೆಕ್ಕಾಚಾರ

ಪೇಪರ್‌ವೈಟ್‌ನ ಈಗಿನ 7 ಇಂಚಿನ ಮಾದರಿ 2025ರಲ್ಲಿ ನಮ್ಮಲ್ಲಿ 16,999 ರೂಪಾಯಿಗೆ ಬಂತು. ಇ-ಪುಸ್ತಕದಲ್ಲಿ ಅಚ್ಚಿಗಿಂತ 60 ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಂಡರೂ ಯಂತ್ರದ ದುಡ್ಡು ಹುಟ್ಟಲು 284 ಪುಸ್ತಕ ಓದಬೇಕು. ದುಡ್ಡು ಉಳಿಸಲಿಕ್ಕೆಂದು ಇದನ್ನು ಕೊಳ್ಳುವವರು ಸೋಲುತ್ತಾರೆ. ಇಂಗ್ಲಿಷ್ ಕಾದಂಬರಿಗಳನ್ನೂ ತಿಂಗಳಿಗೆ ಎರಡು ಮೂರು ಓದುವವರಿಗೆ, ರೈಲಿನಲ್ಲೇ ಓದು ನಡೆಯುವವರಿಗೆ ಸರಿ. ಬರೀ ಕನ್ನಡ, ಅದರಲ್ಲೂ ಆ್ಯಪ್ ಮತ್ತು ಸ್ಕ್ಯಾನ್ ಓದುವವರಿಗೆ ಹೆಚ್ಚೂಕಮ್ಮಿ ಅದೇ ದುಡ್ಡಿನ 11 ಇಂಚಿನ ಟ್ಯಾಬ್ಲೆಟ್ಟೇ ವಾಸಿ.

ಅನುಮಾನ ಇನ್ನೂ ಇದ್ದರೆ 15 ದಿನ ಫೋನಿನಲ್ಲೇ ಒಂದು ಪುಸ್ತಕ ಓದಿ. ನೋಟಿಫಿಕೇಶನ್ ಆರಿಸಿ, ಹಿನ್ನೆಲೆ ತಿಳಿ ಹಳದಿ, ಸಾಲಿನ ಅಂತರ 1.5 ಇಡಿ, ಅಂತರ ಕಡಿಮೆಯಾದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಕುತ್ತದೆ. ಪುಸ್ತಕ ಮುಗಿದು ಪರದೆ ಚಿಕ್ಕದಾಯಿತು ಎಂದಷ್ಟೇ ಅನ್ನಿಸಿದರೆ ಕೊಳ್ಳಿ. ಮೂವತ್ತನೇ ಪುಟಕ್ಕೇ ನಿಂತಿದ್ದರೆ ಆ ಪುಸ್ತಕದ ಅಚ್ಚಿನ ಪ್ರತಿ ತಂದು ನೋಡಿ.