ಕತ್ತಲಲ್ಲಿಟ್ಟ ಪ್ಲೇಟನ್ನೇ ನಾನು ಮೊದಲು ನೋಡುವುದು

ಬೆಳಕು ಬಿದ್ದಾಗ ಮಾತ್ರ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಲೋಹದ ಸಂಯುಕ್ತಗಳ ಮೇಲೆ ನಾನು ಕೆಲಸ ಮಾಡುತ್ತೇನೆ. ಜಾಸ್ತಿ ಬಳಸುವುದು ರುಥೇನಿಯಂ. ಪ್ಲಾಟಿನಂ ಇರುವ ಕ್ಯಾನ್ಸರ್ ಔಷಧ ಸಿಸ್‌ಪ್ಲಾಟಿನ್‌ಗೆ ಅಮೆರಿಕದಲ್ಲಿ 1978ರಲ್ಲೇ ಒಪ್ಪಿಗೆ ಸಿಕ್ಕಿತು, ಎಷ್ಟೋ ಜೀವ ಉಳಿಸಿದೆ. ಆದರೆ ಅದು ಮೈಯೆಲ್ಲಾ ಸುತ್ತಿ ಕಿಡ್ನಿ, ಕಿವಿ, ನರಗಳಿಗೂ ಪೆಟ್ಟು ಕೊಡುತ್ತದೆ. ಗೆಡ್ಡೆ ಇದ್ದಲ್ಲಿ ಮಾತ್ರ ಬೆಳಕು ಬಿಟ್ಟು, ಔಷಧ ಅಲ್ಲಷ್ಟೇ ಕೆಲಸ ಮಾಡುವಂತಾದರೆ ರೋಗಿಗೆ ಎಷ್ಟು ನೋವು ತಪ್ಪುತ್ತದೆ ಅಲ್ವಾ?

ಅದಕ್ಕೇ ಹೊಸ ಸಂಯುಕ್ತ ಕೈಗೆ ಬಂದರೆ, ಕತ್ತಲಲ್ಲಿ ಅದು ಸುಮ್ನೆ ಇರುತ್ತದಾ ಎಂದು ಮೊದಲು ನೋಡುತ್ತೇನೆ. ಸಾಲು ಸಾಲು ಸಣ್ಣ ಗುಳಿಗಳಿರುವ ಎರಡು ಪ್ಲೇಟ್‌ಗಳಲ್ಲಿ ಒಂದೇ ಬಗೆಯ ಕೋಶಗಳು, ಒಂದೇ ಡೋಸ್. ಒಂದಕ್ಕೆ ಬೆಳಕು, ಇನ್ನೊಂದಕ್ಕೆ ಫಾಯಿಲ್ ಹೊದಿಕೆ. ಕೋಶಗಳನ್ನು ಬೆಚ್ಚಗಿಡುವ ಇನ್‌ಕ್ಯುಬೇಟರ್‌ನಿಂದ ಎರಡನ್ನೂ ಒಟ್ಟಿಗೇ ಹೊರಗೆ ತೆಗೆಯುತ್ತೇನೆ. ಒಂದು ಮಾತ್ರ ಹೊರಗಿದ್ದು ತಣ್ಣಗಾದರೆ, ವ್ಯತ್ಯಾಸ ಬೆಳಕಿನಿಂದಲೇ ಬಂದಿದ್ದು ಎನ್ನಲು ಆಗುವುದಿಲ್ಲ. ಬೆಳಕೊಂದೇ ಕೋಶ ಕೊಲ್ಲುತ್ತದಾ ಎಂದು ನೋಡಲು ಔಷಧ ಹಾಕದ ಕೋಶಗಳಿಗೂ ಅಷ್ಟೇ ಬೆಳಕು ಕೊಡುತ್ತೇನೆ.

ಎಲ್‌ಇಡಿ ಬೆಳಕು ಎಲ್ಲ ಕಡೆ ಸಮ ಬೀಳುವುದಿಲ್ಲ. ಪ್ಲೇಟಿನ ನಡುವೆಯೂ ಮೂಲೆಯಲ್ಲೂ ಪವರ್ ಮೀಟರ್ ಇಟ್ಟು ಅಳೆಯಲೇಬೇಕು. ಚದರ ಸೆಂಟಿಮೀಟರಿಗೆ 20 ಮಿಲಿವ್ಯಾಟ್ ಇದ್ದರೆ 1000 ಸೆಕೆಂಡಿಗೆ 20 ಜೂಲ್ ಆಗುತ್ತದೆ. ಕೋಶ ಬೆಳೆಸುವ ದ್ರವಕ್ಕೆ ಕೆಂಪು ಬರುವುದು ಫೀನಾಲ್ ರೆಡ್‌ನಿಂದ. ಅದೂ ಬೆಳಕು ನುಂಗುತ್ತದೆ. ಹಾಗಾಗಿ ಬೆಳಕು ಬಿಡುವ ಹೊತ್ತಿಗೆ ಬಣ್ಣವಿಲ್ಲದ ದ್ರವ ಹಾಕುತ್ತೇನೆ.

ಆಮೇಲೆ ಎಷ್ಟು ಕೋಶ ಬದುಕಿವೆ ಎಂದು ತಿಳಿಯಲು, ಎಂಟಿಟಿ ಎಂಬ ಬಣ್ಣದ ಪರೀಕ್ಷೆ. ಬದುಕಿರುವ ಕೋಶಗಳು ಹಳದಿ ಎಂಟಿಟಿಯನ್ನು ನೇರಳೆ ಮಾಡುತ್ತವೆ. ಫಾಯಿಲ್ ಬಿಚ್ಚಿದ ಪ್ಲೇಟ್ ಪೂರ್ತಿ ನೇರಳೆ, ಪಕ್ಕದ್ದರಲ್ಲಿ ಸಾಲು ಸಾಲು ಹಳದಿ: ಇದನ್ನು ನೋಡಿದಾಗ ಆಗುವ ಖುಷಿಯೇ ಬೇರೆ. ಅರ್ಧ ಕೋಶಗಳನ್ನು ಕೊಲ್ಲಲು ಕತ್ತಲಲ್ಲಿ ಬೇಕಾದ ಡೋಸನ್ನು ಬೆಳಕಿನಲ್ಲಿ ಬೇಕಾದ ಡೋಸಿನಿಂದ ಭಾಗಿಸಿದರೆ ಸಿಗುವುದೇ ಫೋಟೋಟಾಕ್ಸಿಸಿಟಿ ಇಂಡೆಕ್ಸ್. ಯಾವ ಬಣ್ಣದ ಬೆಳಕು, ಎಷ್ಟು ಜೂಲ್ ಎಂದು ಹೇಳದೆ ಈ ಸಂಖ್ಯೆ ಮಾತ್ರ ಕೊಟ್ಟರೆ ನಾನು ನಂಬುವುದಿಲ್ಲ.

ಪ್ಲೇಟಿನಲ್ಲಿ ಗೆದ್ದದ್ದು ಮೈಯಲ್ಲಿ ಗೆಲ್ಲಬೇಕೆಂದಿಲ್ಲ. ನೀಲಿ ಬೆಳಕು ಮಾಂಸದೊಳಗೆ ಆಳಕ್ಕೆ ಇಳಿಯುವುದಿಲ್ಲ. ರುಥೇನಿಯಂನ ಟಿಎಲ್‌ಡಿ-1433 ಎಂಬ ಸಂಯುಕ್ತವನ್ನು ಮೂತ್ರಕೋಶದ ಕ್ಯಾನ್ಸರ್‌ನಲ್ಲಿ ಪರೀಕ್ಷಿಸುತ್ತಿರುವುದು ನನಗೆ ಸರಿ ಅನ್ನಿಸುತ್ತದೆ. ಅಲ್ಲಿಗೆ ಫೈಬರ್ ಮೂಲಕ ಹಸಿರು ಬೆಳಕು ತಲುಪಿಸಬಹುದು. ಪಲ್ಲಾಡಿಯಂ ಇರುವ ಪಾಡೆಲಿಪೋರ್ಫಿನ್ ಎಂಬ ಔಷಧ, ನೀಲಿಗಿಂತ ಆಳಕ್ಕೆ ಇಳಿಯುವ 753 ನ್ಯಾನೋಮೀಟರ್ ಬೆಳಕಿಗೆ ಕೆಲಸ ಮಾಡುತ್ತದೆ. 2017ರಲ್ಲಿ ಯುರೋಪಿನಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್‌ಗೆ ಒಪ್ಪಿಗೆ ಪಡೆಯಿತು. ಇನ್ನೊಂದು ತೊಡಕು ಆಕ್ಸಿಜನ್. ಇಂಥ ಸಂಯುಕ್ತಗಳಲ್ಲಿ ಹೆಚ್ಚಿನವು ಆಕ್ಸಿಜನ್ನನ್ನೇ ಕೆರಳಿಸಿ ಕೋಶ ಕೊಲ್ಲುತ್ತವೆ, ಗೆಡ್ಡೆಯ ಒಳಗೋ ಅದೇ ಕಡಿಮೆ. ಅದಕ್ಕೇ ಈಗ ಪ್ರತಿ ಸಂಯುಕ್ತವನ್ನೂ ಕಡಿಮೆ ಆಕ್ಸಿಜನ್‌ನಲ್ಲಿ, ಕೆಂಪು ಬೆಳಕಿನಲ್ಲಿ ಮತ್ತೆ ಪರೀಕ್ಷಿಸುತ್ತೇನೆ. ಅಲ್ಲೂ ನಿಂತದ್ದನ್ನು ಮಾತ್ರ ಮುಂದಕ್ಕೆ ಒಯ್ಯುತ್ತೇನೆ.