ಕಾರಿನ ಮೇಲೊಂದು ಹಗುರ ಸೂರು: ನಮ್ಮ ಕಡೆಯ ಗಾಳಿ-ಮಳೆಗೆ ಯಾವ ಶೀಟು?

ಹೋದ ವಾರ ಹಾವೇರಿಯಿಂದ ತಮ್ಮ ಫೋನ್ ಮಾಡಿದ್ದ. "ಅಕ್ಕಾ, ಮನಿ ಮುಂದ ಕಾರ್ ನಿಲ್ಲಸಾಕ ಒಂದು ಶೆಡ್ ಮಾಡಸಬೇಕು. ಎಲ್ಲಾದಕ್ಕಿಂತ ಹಗುರ ಶೀಟ್ ಯಾವ್ದು ಹೇಳು" ಅಂದ. ಅವನ ಮನೆ ಹಳೆಯದು, ಗೋಡೆ ಮೇಲೆ ಜಾಸ್ತಿ ಭಾರ ಹೇರುವ ಹಾಗಿಲ್ಲ. ಹಾಗಾಗಿ ಹಗುರವಾದದ್ದೇ ಬೇಕು ಅನ್ನೋದು ಸರಿಯೇ. ಆದರೆ ಆರು ವರ್ಷದ ಹಿಂದೆ ನಾನೂ ಹಗುರ ಅನ್ನೋ ಒಂದೇ ಗುಣ ನೋಡಿ ಶೀಟು ಆರಿಸಿದ್ದೆ. ಮೂರನೇ ಬೇಸಿಗೆಯ ಭರಣಿ ಮಳೆಗೆ ಅದು ಕಿತ್ತುಕೊಂಡು ಹೋಗಿ ಪಕ್ಕದ ಮನೆಯ ನುಗ್ಗೆ ಗಿಡಕ್ಕೆ ಸಿಕ್ಕಿಕೊಂಡಿತು. ಆ ಹೊತ್ತಿನಲ್ಲಿ ಅವರ ಅಂಗಳದಲ್ಲಿ ಮಕ್ಕಳು ಇರಲಿಲ್ಲ. ಇದ್ದಿದ್ದರೆ ಅನ್ನೋ ಯೋಚನೆ ಇವತ್ತಿಗೂ ಎದೆ ನಡುಗಿಸುತ್ತದೆ. ಅದಕ್ಕೇ ತಮ್ಮನಿಗೆ ಹೇಳಿದ್ದನ್ನೆಲ್ಲ ಇಲ್ಲಿ ಬರೆದಿಡುತ್ತಿದ್ದೇನೆ.

ನಮ್ಮ ಮನೆ ಧಾರವಾಡದ ಕೆಲಗೇರಿ ಕಡೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದವಳು, ಹಾಗಾಗಿ ಲೆಕ್ಕದಿಂದಲೇ ಶುರು ಮಾಡ್ತೀನಿ.

ಒಂದು ಕಾರಿಗೆ 10 ಅಡಿ ಅಗಲ, 18 ಅಡಿ ಉದ್ದದ ಸೂರು ಸಾಕು. ಅಂದ್ರೆ ಸುಮಾರು 17 ಚದರ ಮೀಟರ್. ಇಷ್ಟಕ್ಕೆ ಮಂಗಳೂರು ಹೆಂಚು ಹೊದಿಸಿದರೆ ಹೆಂಚಿನ ತೂಕವೇ ಆರೇಳು ನೂರು ಕೆಜಿ. ಸಿಮೆಂಟ್ ಶೀಟಾದರೆ 200 ಕೆಜಿ ದಾಟುತ್ತದೆ. ಅರ್ಧ ಮಿ.ಮೀ. ದಪ್ಪದ ಬಣ್ಣದ ತಗಡು, ನಮ್ಮ ಕಡೆ ಪತ್ರಾಸ್ ಅಂತೀವಲ್ಲ ಅದು, 75 ಕೆಜಿ ಆಸುಪಾಸು. ಒಳಗೆ ಟೊಳ್ಳಿರುವ 10 ಮಿ.ಮೀ. ಪಾಲಿಕಾರ್ಬೊನೇಟ್ ಶೀಟು, ಅಂದ್ರೆ ಬೆಳಕು ಬಿಡುವ ಗಟ್ಟಿ ಪ್ಲಾಸ್ಟಿಕ್ಕಿನದು, 30 ಕೆಜಿ ಕೂಡ ಆಗೋದಿಲ್ಲ. ಇಲ್ಲಿಗೇ ನಿಲ್ಲಿಸಿದರೆ ಪಾಲಿಕಾರ್ಬೊನೇಟ್ ಗೆದ್ದ ಹಾಗೆ. ನಾನು ಆಗ ನಿಲ್ಲಿಸಿದ್ದು ಇಲ್ಲಿಗೇ.

ಈಗ ಗಾಳಿಯ ಲೆಕ್ಕ ನೋಡಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಬೀಸುವ ಗಾಳಿ ಒಂದು ಚದರ ಮೀಟರಿಗೆ ಸುಮಾರು 30 ಕೆಜಿ ಒತ್ತಡ ಹಾಕುತ್ತದೆ. ನಮ್ಮ 17 ಚದರ ಮೀಟರಿಗೆ ಅದು 500 ಕೆಜಿ. ಕಾರ್ ಶೆಡ್ಡಿಗೆ ಗೋಡೆ ಇರೋದಿಲ್ಲ. ಗಾಳಿ ಕೆಳಗಿನಿಂದ ನುಗ್ಗಿ ಶೀಟನ್ನು ಮೇಲಕ್ಕೆ ಎತ್ತುತ್ತದೆ, ಮೇಲೆ ಹಾದು ಹೋಗುವ ಗಾಳಿಯೂ ಎಳೆಯುತ್ತದೆ. 30 ಕೆಜಿ ಶೀಟು ಆ ಎಳೆತಕ್ಕೆ ತಾನಾಗಿ ನಿಲ್ಲುತ್ತದಾ? ಹೆಂಚು ತನ್ನ ಭಾರದಿಂದಲೇ ಅರ್ಧ ಕೆಲಸ ಮಾಡುತ್ತದೆ. ಹಗುರ ಶೀಟಿಗೆ ಆ ಕೆಲಸವನ್ನು ಸ್ಕ್ರೂ, ಪೈಪು, ಬುನಾದಿ ಮಾಡಬೇಕು. ಕಪ್ಪತಗುಡ್ಡದ ಮೇಲೆ ಸಾಲಾಗಿ ಗಾಳಿಯಂತ್ರ ನಿಂತಿರೋದನ್ನು ನೋಡಿದ ಗದಗಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಾಗಾಗಿ ಅಂಗಡಿಗೆ ಹೋದಾಗ "ಇದು ಎಷ್ಟು ಹಗುರ" ಅಂತ ಕೇಳಿದ ತಕ್ಷಣ "ಇದನ್ನು ಹಿಡಿದಿಡೋದು ಹೇಗೆ" ಅಂತಲೂ ಕೇಳಿ.

ಪಾಲಿಕಾರ್ಬೊನೇಟ್ ಬಗ್ಗೆ ನನಗೆ ಸಿಟ್ಟಿಲ್ಲ. ಹಾಕೋದು ಗೊತ್ತಿದ್ದವರು ಹಾಕಿದರೆ ಒಳ್ಳೆಯ ಮಾಲು. ಬೆಳಕು ಬರುತ್ತದೆ, ಒಡೆಯೋದಿಲ್ಲ, ಮಂಗ ಹಾರಿದರೂ ತಡೆಯುತ್ತದೆ. ನಮ್ಮಲ್ಲಿ ಆಗಿದ್ದು ಬೇರೆ. ಹಾರಿಹೋದ ಶೀಟನ್ನು ನೋಡೋಕೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದಿದ್ದ, ಈಗ ಅವನದೇ ವೆಲ್ಡಿಂಗ್ ಶಾಪ್ ಇದೆ. ಶೀಟಿನ ಎರಡೂ ಬದಿಗೆ ಬೆರಳು ಸವರಿದ. ಮೇಲಿದ್ದ ಬದಿ ಹಳದಿಯಾಗಿ ಒರಟಾಗಿತ್ತು, ಕೆಳಗಿನದು ನುಣುಪಾಗಿತ್ತು. "ಅಕ್ಕೋರ, ಶೀಟ್ ಉಲ್ಟಾ ಹಾಕ್ಯಾರ ನೋಡ್ರಿ" ಅಂದ. ಅಟ್ಟದ ಮೇಲೆ ಉಳಿದಿದ್ದ ತುಂಡು ತಂದು ನೋಡಿದೆವು. ಅದರ ಒಂದು ಬದಿಯ ಪ್ಲಾಸ್ಟಿಕ್ ಹಾಳೆಯ ಮೇಲೆ ನೀಲಿ ಅಕ್ಷರದಲ್ಲಿ ಬರೆದಿತ್ತು, ಈ ಬದಿ ಬಿಸಿಲಿಗೆ ಬರಬೇಕು ಅಂತ. ಇಂಥ ಎಷ್ಟೋ ಶೀಟುಗಳಿಗೆ ಬಿಸಿಲು ತಡೆಯುವ ಲೇಪ ಒಂದೇ ಬದಿಗೆ ಇರುತ್ತದೆ. ಹಾಕಿದವರು ಎರಡೂ ಹಾಳೆ ಮೊದಲೇ ಸುಲಿದು, ಯಾವ ಬದಿ ಯಾವುದು ಅಂತ ನೋಡದೆ ಕೂರಿಸಿಬಿಟ್ಟಿದ್ದರು.

ಅಲ್ಲಿಗೇ ಮುಗಿಯಲಿಲ್ಲ. ಈ ಶೀಟು ಬಿಸಿಲಿಗೆ ತುಂಬಾ ಹಿಗ್ಗುತ್ತದೆ. ಅದರ ಮೈಬಿಸಿ 40 ಡಿಗ್ರಿ ಏರಿದರೆ 3 ಮೀಟರ್ ಉದ್ದದ ಶೀಟು ಹತ್ತಿರಹತ್ತಿರ 8 ಮಿ.ಮೀ. ಬೆಳೆಯುತ್ತದೆ. ಅಷ್ಟೇ ಉದ್ದದ ಉಕ್ಕಿನ ಪೈಪು ಒಂದೂವರೆ ಮಿ.ಮೀ. ಬೆಳೆದರೆ ಹೆಚ್ಚು. ಹಾಗಾಗಿ ಸ್ಕ್ರೂ ಹೋಗುವ ತೂತು ಸ್ಕ್ರೂಗಿಂತ ದೊಡ್ಡದಿರಬೇಕು, ಮೇಲೆ ಅಗಲವಾದ ರಬ್ಬರ್ ವಾಷರ್ ಇರಬೇಕು. ನಮ್ಮಲ್ಲಿ ಬಿಗಿಯಾಗಿ ಸ್ಕ್ರೂ ಹೊಡೆದು ಬಿಟ್ಟಿದ್ದರು. ದಿನಾ ಹಿಗ್ಗಿ ಕುಗ್ಗಿ ಪ್ರತಿ ತೂತಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಗಾಳಿ ಎತ್ತಿದಾಗ ಸ್ಕ್ರೂ ಪೈಪಿನಲ್ಲೇ ಉಳಿಯಿತು, ಶೀಟು ಹರಿದು ಹೋಯಿತು. ತುದಿಗಳನ್ನೂ ಮುಚ್ಚಿರಲಿಲ್ಲ, ಟೊಳ್ಳಿನ ಒಳಗೆಲ್ಲ ಪಾಚಿ. ಟೊಳ್ಳಿನ ಕಾಲುವೆಗಳು ಇಳಿಜಾರಿನ ಕಡೆಗೇ ಇರಬೇಕು, ಮೇಲಿನ ತುದಿಗೆ ಅಲ್ಯೂಮಿನಿಯಂ ಟೇಪು, ಕೆಳಗಿನ ತುದಿಗೆ ನೀರಿನ ಪಸೆ ಹೊರಗೆ ಹೋಗಲು ಬಿಡುವ ತೂತಿನ ಟೇಪು. ಈ ಮಾತು ಹೇಳಿದಾಗ ಹಾಕುವವರ ಮುಖ ಗಮನಿಸಿ. ಅವರಿಗೆ ಹೊಸದು ಅನ್ನಿಸಿದರೆ ಅವರ ಕೈಲಿ ಪಾಲಿಕಾರ್ಬೊನೇಟ್ ಹಾಕಿಸಬೇಡಿ.

ಇನ್ನೊಂದು ಮಾತು. ಬಣ್ಣವಿಲ್ಲದ ಶೀಟು ಹಾಕಿದರೆ ಬಿಸಿಲು ಹಾಗೇ ಒಳಗೆ ಬರುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಕಾರಿನ ಸ್ಟೀರಿಂಗ್ ಮುಟ್ಟೋಕೆ ಆಗ್ತಿರಲಿಲ್ಲ. ಹಾಕಲೇಬೇಕು ಅಂದ್ರೆ ಹಾಲಿನ ಬಣ್ಣದ್ದು ಅಥವಾ ಕಂದು ಬಣ್ಣದ್ದು ತಗೊಳ್ಳಿ.

ಸಿಮೆಂಟ್ ಶೀಟು ಬೇಡ. ಅಗ್ಗ ಹೌದು. ಆದರೆ ಭಾರ, ಮೇಲಾಗಿ ಧಾರವಾಡದ ಮಂಗಗಳು ಒಮ್ಮೆ ಗುಂಪಾಗಿ ಹಾರಿದರೆ ಬಿರುಕು ಬಿಡುತ್ತದೆ. ಮನೆಯಲ್ಲಿ ಹಳೆಯ ಸಿಮೆಂಟ್ ಶೀಟು ಇದ್ದರೆ ಅದನ್ನು ಒಡೆದು ತೆಗೆಸಬೇಡಿ. ಅದರಲ್ಲಿ ಕಲ್ನಾರು (ಆಸ್ಬೆಸ್ಟಾಸ್) ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ನೀರು ಚಿಮುಕಿಸಿ, ಇಡೀ ಶೀಟನ್ನೇ ಬಿಚ್ಚಿ ಇಳಿಸಲು ಹೇಳಿ. ಫೈಬರ್ ಶೀಟು ಕೆಲವು ವರ್ಷಕ್ಕೆ ಮಾಸಿ ನಾರು ಮೇಲೆ ಬರುತ್ತದೆ, ಮುಟ್ಟಿದರೆ ಕೈ ತುರಿಸುತ್ತದೆ. ಹಸಿರು ನೆರಳು ಪರದೆ ನರ್ಸರಿಗೆ ಚೆಂದ, ಮಳೆ ತಡೆಯೋದಿಲ್ಲ.

ಎರಡನೇ ಸಲ ನಾನು ಹಾಕಿಸಿದ್ದು ಬಣ್ಣದ ತಗಡು. ನಮ್ಮ ಊರುಗಳಿಗೆ, ಒಂದು ಕಾರಿನ ಶೆಡ್ಡಿಗೆ, ನನ್ನ ಮಟ್ಟಿಗೆ ಇದೇ ಸರಿ. ಉಕ್ಕಿನ ಹಾಳೆಗೆ ಅಲ್ಯೂಮಿನಿಯಂ ಮತ್ತು ಸತುವಿನ ಲೇಪ ಕೊಟ್ಟು, ಅದರ ಮೇಲೆ ಬಣ್ಣ ಹಚ್ಚಿರುತ್ತಾರೆ. ಅಂಗಡಿಯಲ್ಲಿ ಗಾಲ್ವಲ್ಯೂಮ್ ಅಂತ ಕೇಳಿ. ದಪ್ಪ 0.35 ರಿಂದ 0.50 ಮಿ.ಮೀ. ತನಕ ಸಿಗುತ್ತದೆ. 0.35 ತಗೊಂಡು ಉಳಿಸಿದ ದುಡ್ಡು ಉಳಿತಾಯವಲ್ಲ, ಮಂಗ ಕೂತರೆ ತಗ್ಗು ಬೀಳುತ್ತದೆ, ಆ ತಗ್ಗಿನಲ್ಲಿ ನೀರು ನಿಲ್ಲುತ್ತದೆ. 0.50 ತಗೊಳ್ಳಿ. ಅವರು 0.50 ಅಂದಾಗ ಬಣ್ಣ, ಲೇಪ ಎಲ್ಲ ಸೇರಿಯಾ ಅಥವಾ ಒಳಗಿನ ಉಕ್ಕಷ್ಟೇನಾ ಅಂತ ಕೇಳಿ, ಬಿಲ್ಲಿನ ಮೇಲೆ ಬರೆಸಿ. ನಾನು ಹುಬ್ಬಳ್ಳಿಯ ಗೋಕುಲ ರೋಡ್ ಕಡೆ ಎರಡು ಅಂಗಡಿ ತಿರುಗಿದೆ. ಎರಡು ಕಡೆಯೂ 0.50 ಅಂದರು. ಒಂದೇ ಉದ್ದದ ಶೀಟು ತೂಗಿಸಿದೆ. ಒಂದು ಕಡೆಯದು ಇನ್ನೊಂದಕ್ಕಿಂತ ಎರಡು ಕೆಜಿಗೂ ಮೀರಿ ಹಗುರ ಬಂತು. ತಕ್ಕಡಿ ಇರುವ ಅಂಗಡಿಯಲ್ಲಿ ತೂಗಿಸೋಕೆ ಸಂಕೋಚ ಯಾಕೆ?

ಬಣ್ಣ ತಿಳಿಯಾಗಿರಲಿ. ಬಿಳಿ ಅಥವಾ ಕೆನೆ ಬಣ್ಣ. ಕಡು ನೀಲಿ, ಕಡು ಕೆಂಪು ನೋಡೋಕೆ ಚೆಂದ, ಆದರೆ ಬಿಸಿಲು ಹೀರಿ ಕೆಳಗೆ ಕಾವು ಸುರಿಯುತ್ತದೆ. ಸದ್ದಿನ ವಿಷಯ ಮಾತ್ರ ಮೊದಲೇ ಯೋಚಿಸಿ. ಜುಲೈ ತಿಂಗಳ ಜಿಟಿಜಿಟಿ ಮಳೆಗೆ ತೊಂದರೆ ಇಲ್ಲ, ದಪ್ಪ ಹನಿ ಬಿದ್ದರೆ ಪಕ್ಕದ ಕೋಣೆಯಲ್ಲಿ ಮಾತು ಕೇಳಿಸೋದಿಲ್ಲ. ನಮ್ಮ ಅತ್ತೆಯವರ ಕೋಣೆ ಕಿಟಕಿ ಆ ಕಡೆಗೇ ಇದೆ. ಅವರಿಗಾಗಿ ತಗಡಿನ ಕೆಳಗೆ ಅಂಟಿಕೊಂಡಿರುವ 5 ಮಿ.ಮೀ. ಫೋಮ್ ಹಾಕಿಸಿದೆವು. ಸದ್ದು ಪೂರ್ತಿ ಹೋಗಲಿಲ್ಲ, ಅವರು ಮಲಗುವಷ್ಟು ಇಳಿಯಿತು.

ಈಗ ಹಿಡಿದಿಡುವ ಮಾತು. ಹೆಚ್ಚಿನ ಖರ್ಚು ಇಲ್ಲೇ ಆಗಲಿ. ನಮ್ಮಲ್ಲಿ ಕಂಬಕ್ಕೆ 3 ಇಂಚಿನ ಚೌಕ ಪೈಪು, ಅಡ್ಡ ಪೈಪುಗಳು ಮೂರು ಅಡಿಗೊಂದು. ಮೊದಲ ಸಲ ಐದು ಅಡಿಗೊಂದು ಇತ್ತು. ಕಂಬವನ್ನು ಅಂಗಳದ ಫರ್ಶಿಕಲ್ಲಿನ ಮೇಲೆ ಬೋಲ್ಟ್ ಹೊಡೆದು ನಿಲ್ಲಿಸುತ್ತೀವಿ ಅಂದರೆ ಒಪ್ಪಬೇಡಿ. ಗಾಳಿಗೆ ಕಲ್ಲಿನ ಸಮೇತ ಎದ್ದೀತು. ಒಂದೂವರೆ ಅಡಿ ಉದ್ದ, ಒಂದೂವರೆ ಅಡಿ ಅಗಲ, ಎರಡೂವರೆ ಅಡಿ ಆಳದ ಗುಂಡಿಗೆ ಕಾಂಕ್ರೀಟ್ ತುಂಬಿದರೆ ಒಂದೊಂದೂ 350 ಕೆಜಿ ದಾಟುತ್ತದೆ. ಅಂಥ ನಾಲ್ಕು ಇದ್ದರೆ ಮೇಲಿನ 500 ಕೆಜಿ ಎಳೆತಕ್ಕೆ ಧೈರ್ಯವಾಗಿ ಉತ್ತರ ಕೊಡಬಹುದು. ಹುಬ್ಬಳ್ಳಿ, ನವಲಗುಂದ, ಗದಗ ಕಡೆ ಎರೆ ಮಣ್ಣಿದ್ದರೆ ಇನ್ನೂ ಆಳಕ್ಕೆ ಹೋಗಿ, ತಳಕ್ಕೆ ಗರಸು ಹಾಕಿ ಗಟ್ಟಿ ಮಾಡಿಸಿ. ಆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ, ಕಂಬ ಜೊತೆಗೇ ಅಲುಗಾಡುತ್ತದೆ.

ಸ್ಕ್ರೂ ಶೀಟಿನ ಉಬ್ಬಿನ ಮೇಲೆ ಬರಲಿ, ತಗ್ಗಿನಲ್ಲಿ ಬೇಡ. ತಗ್ಗಿನಲ್ಲಿ ನೀರು ಹರಿಯುತ್ತದಲ್ವಾ. ಅಂಚಿನ ಪೈಪುಗಳ ಮೇಲೆ ಪ್ರತಿ ಉಬ್ಬಿಗೂ ಒಂದು ಸ್ಕ್ರೂ ಬೇಕು, ಗಾಳಿ ಮೊದಲು ಎತ್ತೋದು ಅಂಚನ್ನೇ. ವಾಷರ್ ಸ್ವಲ್ಪ ಅಮುಕಿದರೆ ಸಾಕು, ಹೊರಗೆ ಹಿಸುಕಿ ಬರುವಷ್ಟು ತಿರುಗಿಸಿದರೆ ಎರಡು ಬೇಸಿಗೆಗೆ ಬಿರಿಯುತ್ತದೆ. ಮುಂಗಾರಿನ ಗಾಳಿ ನಮಗೆ ಪಶ್ಚಿಮದಿಂದ. ಹಾಗಾಗಿ ಪೂರ್ವದ ತುದಿಯಿಂದ ಶೀಟು ಜೋಡಿಸುತ್ತಾ ಬಂದರೆ ಜೋಡಣೆಯ ಬಾಯಿ ಗಾಳಿಗೆ ಬೆನ್ನು ಹಾಕಿರುತ್ತದೆ.

ತಗಡನ್ನು ಗ್ರೈಂಡರಿನಲ್ಲಿ ಕತ್ತರಿಸಲು ಬಿಡಬೇಡಿ. ಅಳತೆ ಕೊಟ್ಟು ಅಂಗಡಿಯಲ್ಲೇ ಕತ್ತರಿಸಿ ತರಿಸಿ, ಉಳಿದಿದ್ದಕ್ಕೆ ಕತ್ತರಿ ಸಾಕು. ಗ್ರೈಂಡರಿನ ಕಿಡಿ ಬಣ್ಣ ಸುಡುತ್ತದೆ, ಲೇಪವನ್ನೂ ಸುಡುತ್ತದೆ. ಸ್ಕ್ರೂ ಕೊರೆಯುವಾಗ ಸುರುಳಿ ಸುರುಳಿಯಾಗಿ ಕಬ್ಬಿಣದ ಪುಡಿ ಬೀಳುತ್ತದೆ. ಅದನ್ನು ಅವತ್ತೇ ಮೆತ್ತನೆಯ ಪೊರಕೆಯಿಂದ ಗುಡಿಸಿ. ನಮ್ಮಲ್ಲಿ ಒಂದು ಮೂಲೆ ಮರೆತರು. ರಾತ್ರಿ ಮಳೆ ಬಂತು. ಎರಡು ದಿನಕ್ಕೆ ಬಿಳಿ ಶೀಟಿನ ಮೇಲೆ ಕುಂಕುಮ ಚೆಲ್ಲಿದ ಹಾಗೆ ತುಕ್ಕಿನ ಚುಕ್ಕಿ. ಆ ಮೂಲೆ ಇವತ್ತಿಗೂ ಹಾಗೇ ಇದೆ.

ಇಳಿಜಾರು 10 ಅಡಿಗೆ ಒಂದು ಅಡಿ ಇಡಿ. ನೀರು ನಿಮ್ಮ ಕಡೆಗೇ ಇಳಿಯಲಿ, ಪಕ್ಕದವರ ಕಾಂಪೌಂಡಿಗೆ ಬೇಡ. ಇಂಥ ಸೂರಿನ ಮೇಲೆ 50 ಮಿ.ಮೀ. ಮಳೆ ಬಿದ್ದರೆ 850 ಲೀಟರ್ ನೀರು. ನಳಕ್ಕೆ ದಿನಾ ನೀರು ಬರದ ನಮ್ಮಂಥವರು ಅದನ್ನು ಗಟಾರಕ್ಕೆ ಬಿಡಬಾರದು. ಕೆಳ ಅಂಚಿಗೆ ತಗಡಿನ ದೋಣಿ ಕಟ್ಟಿ ಒಂದು ಪೈಪಿನಲ್ಲಿ ಡ್ರಮ್ಮಿಗೆ ಇಳಿಸಿದ್ದೇವೆ. ಗಿಡಕ್ಕೆ, ಕಾರು ತೊಳೆಯೋಕೆ ಆಗುತ್ತದೆ. ಹುಣಸೆ ಎಲೆ ಕಟ್ಟಿಕೊಳ್ಳದ ಹಾಗೆ ದೋಣಿಯ ಬಾಯಿಗೆ ಜಾಳಿಗೆ ಹಾಕಿಸಿ.

ಯುಗಾದಿ ಮುಗಿದ ಮೇಲೆ, ಭರಣಿ ಮಳೆಗೆ ಮುಂಚೆ, ವರ್ಷಕ್ಕೊಮ್ಮೆ ಏಣಿ ಹಾಕಿ ನೋಡಬೇಕು. ಪ್ರತಿ ಸ್ಕ್ರೂ ಮುಟ್ಟಿ ನೋಡಿ, ಬಿರಿದ ವಾಷರ್ ಬದಲಾಯಿಸಿ, ವೆಲ್ಡಿಂಗ್ ಜಾಗದಲ್ಲಿ ತುಕ್ಕು ಕಂಡರೆ ಉಜ್ಜಿ ರೆಡ್ ಆಕ್ಸೈಡ್ ಹಚ್ಚಿ. ಶೀಟಿನ ಮೇಲೆ ಯಾರನ್ನೂ ಹತ್ತಿಸಬೇಡಿ, ಹತ್ತಲೇಬೇಕಾದರೆ ಅಡ್ಡ ಪೈಪು ಇರುವ ಕಡೆ ಹಲಗೆ ಹಾಸಿ. ಈ ಸಲ ನಮ್ಮಲ್ಲಿ ಪಡುವಣ ಅಂಚಿನ ಮೂರು ವಾಷರ್ ಬಿರಿದಿದ್ದವು. ಮೂರನ್ನೂ ಬದಲಾಯಿಸಿ, ಉಳಿದ ವಾಷರ್‌ಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ತಮ್ಮನಿಗೆ ಕೊಡೋಕೆ ಎತ್ತಿಟ್ಟಿದ್ದೇನೆ.