ಸಿಲಿಕಾನ್ ಆಸಿಲೇಟರ್ ಆರಿಸಿದ್ದು ಹೀಗೆ

ಸರ್ಕ್ಯೂಟ್ ಬೋರ್ಡ್‌ಗೆ ಕ್ಲಾಕ್ (ಚಿಪ್‌ಗಳಿಗೆ ತಾಳ ಕೊಡುವ ಆಸಿಲೇಟರ್) ಆರಿಸುವಾಗ ನಾನು ಮೊದಲು ಫ್ರೀಕ್ವೆನ್ಸಿ ನೋಡುವುದಿಲ್ಲ. ಈ ಕ್ಲಾಕ್ ಎಷ್ಟು ತಪ್ಪಿದರೆ ಕೆಲಸ ಕೆಡುತ್ತದೆ ಅಂತ ನೋಡುತ್ತೇನೆ. ಎಲ್‌ಇಡಿ ಮಿನುಗಿಸೋಕೆ 10% ಹೆಚ್ಚುಕಮ್ಮಿಯಾದರೂ ಯಾರೂ ಕೇಳುವುದಿಲ್ಲ. ಯುಎಸ್‌ಬಿ ಫುಲ್ ಸ್ಪೀಡ್‌ಗೆ ±0.25% ಮಾತ್ರ ಬಿಟ್ಟಿದ್ದಾರೆ. ಎತರ್ನೆಟ್‌ಗೆ ±100 ಪಿಪಿಎಂ, ಅಂದರೆ ಹತ್ತು ಲಕ್ಷಕ್ಕೆ ನೂರು ಪಾಲು.

ಒಂದು ಮೋಟರ್ ಕಂಟ್ರೋಲರ್‌ನಲ್ಲಿ ಎಟಿಮೆಗಾ328ಪಿ ಮೈಕ್ರೋಕಂಟ್ರೋಲರ್ ಇತ್ತು, ಹೊರಗೆ ಯುಆರ್ಟ್ ಲಿಂಕ್ (ಎರಡೂ ಕಡೆ ತಮ್ಮದೇ ಕ್ಲಾಕ್ ಇರುವ ಸೀರಿಯಲ್ ಸಂಪರ್ಕ). ಇಲ್ಲಿ ಎರಡೂ ಕಡೆಯ ತಪ್ಪು ಸೇರಿ 4% ಹತ್ತಿರ ಹೋದರೆ ಪ್ರತಿ ಬೈಟ್‌ನ ಕೊನೆ ಗುರುತಿಸುವ ಸ್ಟಾಪ್ ಬಿಟ್ ಕೈಕೊಡುತ್ತದೆ. ಹಾಗಾಗಿ ನನ್ನ ಪಾಲಿಗೆ 2% ಇಟ್ಟುಕೊಂಡೆ. ಚಿಪ್‌ನ ಒಳಗಿನ ಆರ್‌ಸಿ (ರೆಸಿಸ್ಟರ್-ಕೆಪಾಸಿಟರ್) ಆಸಿಲೇಟರ್ ಫ್ಯಾಕ್ಟರಿಯಿಂದ ಬರುವುದೇ ±10% ಲೆಕ್ಕದಲ್ಲಿ. ಅದು ಅಲ್ಲಿಗೇ ಮುಗಿಯಿತು. ಕ್ವಾರ್ಟ್ಜ್ ಕ್ರಿಸ್ಟಲ್ ಹಾಕಬಹುದಿತ್ತು. ಆದರೆ ಅದರ ಪಿನ್‌ಗಳು ಹೈ ಇಂಪೀಡೆನ್ಸ್, ಅಂದರೆ ಗದ್ದಲ ಬೇಗ ಹಿಡಿಯುವಂಥವು; ಪಕ್ಕದಲ್ಲೇ ಮೋಟರ್‌ನ ಸ್ವಿಚಿಂಗ್ ಗದ್ದಲ. ಜೊತೆಗೆ ನಡುಕ ಬೇರೆ.

ಎಲ್‌ಟಿಸಿ1799 ಥರದ ಆಸಿಲೇಟರ್ ಚಿಪ್ ನೋಡಿದೆ. ಒಂದೇ ರೆಸಿಸ್ಟರ್ ಸಾಕು: 10 ಕಿಲೋಓಮ್ ಹಾಕಿದರೆ 10 ಮೆಗಾಹರ್ಟ್ಸ್. ನನಗೆ ಬೇಕಿದ್ದದ್ದು 8. ಅಂದರೆ 12.5 ಕಿಲೋಓಮ್. ಸುಲಭವಾಗಿ ಸಿಗೋದು 12.4, ಅಲ್ಲೇ 0.8% ಹೋಯಿತು. ಚಿಪ್‌ನದ್ದು 1.5% ವರೆಗೆ, ರೆಸಿಸ್ಟರ್‌ನದ್ದು 1%. ಒಟ್ಟು 3.3%, ನನ್ನ 2% ದಾಟಿತು. ಬಿಸಿಗೆ ಆಗೋ ಬದಲಾವಣೆ ಇನ್ನೂ ಸೇರಿಸಿಲ್ಲ!

ಕೊನೆಗೆ ಮೆಮ್ಸ್ (ಸೂಕ್ಷ್ಮ ಯಾಂತ್ರಿಕ) ಆಸಿಲೇಟರ್‌ಗೆ ಹೋದೆ. ಒಳಗೆ ಕಂಪಿಸುವ ಪುಟ್ಟ ಸಿಲಿಕಾನ್ ರೆಸೊನೇಟರ್, ಅದರ ಮೇಲೆ ಫ್ರೀಕ್ವೆನ್ಸಿ ಬದಲಿಸಿಕೊಡುವ ಪಿಎಲ್‌ಎಲ್ ಸರ್ಕ್ಯೂಟ್. ಬೇಕಾದ ಫ್ರೀಕ್ವೆನ್ಸಿಗೆ ಪ್ರೋಗ್ರಾಮ್ ಮಾಡಿಯೇ ಕೊಡುತ್ತಾರೆ, ನಿಖರತೆ 50 ಪಿಪಿಎಂ ಒಳಗೆ. ಯುಆರ್ಟ್‌ಗೆ ಇದು ಜಾಸ್ತಿಯೇ ಆಯಿತು, ಅಲ್ವಾ? ನಿಜ. ಆದರೆ ನಾನು ದುಡ್ಡು ಕೊಟ್ಟಿದ್ದು ನಡುಕ, ಗದ್ದಲ ತಡೆಯುವ ಗುಣಕ್ಕೆ.

ಎಲ್ಲ ಕಡೆಗೂ ಇದನ್ನೇ ಹಾಕುತ್ತೇನೆ ಅಂತಲ್ಲ. ವೇಗದ ಎಡಿಸಿ (ಸಿಗ್ನಲನ್ನು ಅಂಕಿಗಳಾಗಿಸುವ ಚಿಪ್) ಇದ್ದರೆ ಡೇಟಾಶೀಟ್‌ನಲ್ಲಿ ಜಿಟರ್, ಅಂದರೆ ಕ್ಲಾಕ್ ಅಂಚು ಹಿಂದೆಮುಂದೆ ಆಗುವುದು, ಎಷ್ಟಿದೆ ಅಂತ ಹುಡುಕುತ್ತೇನೆ. 10 ಮೆಗಾಹರ್ಟ್ಸ್ ಸಿಗ್ನಲ್‌ಗೆ 1 ಪಿಕೋಸೆಕೆಂಡ್ ಜಿಟರ್ ಇದ್ದರೂ ಎಸ್‌ಎನ್‌ಆರ್ (ಸಿಗ್ನಲ್‌ಗೂ ಗದ್ದಲಕ್ಕೂ ಇರುವ ಅನುಪಾತ) 84 ಡಿಬಿ ದಾಟುವುದಿಲ್ಲ. ಪಿಎಲ್‌ಎಲ್ ಇರುವ ಅಗ್ಗದ ಭಾಗಗಳು ಇಲ್ಲಿ ಸೋಲುತ್ತವೆ, ಒಳ್ಳೆಯ ಕ್ವಾರ್ಟ್ಜ್ ಗೆಲ್ಲುತ್ತದೆ. ಸಣ್ಣ ಬ್ಯಾಟರಿಯ ಗಡಿಯಾರವಾದರೆ ಮಿಲಿಆಂಪ್ ಕುಡಿಯುವ ಮಾಮೂಲಿ ಮೆಮ್ಸ್ ಬೇಡವೇ ಬೇಡ. ಹೀಲಿಯಂ ಇರುವ ಜಾಗದಲ್ಲೂ ಎಚ್ಚರ. ಆ ಅನಿಲ ಪ್ಯಾಕೇಜ್ ಒಳಗೆ ನುಸುಳಿ ರೆಸೊನೇಟರನ್ನೇ ಕೆಡಿಸಬಲ್ಲದು.

ಲೇಔಟ್‌ನಲ್ಲಿ ಹೇಳೋಕೆ ಹೆಚ್ಚೇನಿಲ್ಲ. ಸಪ್ಲೈ ಪಿನ್‌ಗೆ ಅಂಟಿದಂತೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಔಟ್‌ಪುಟ್‌ನಲ್ಲಿ 22–33 ಓಮ್ ಸೀರೀಸ್ ರೆಸಿಸ್ಟರ್. ಆನ್-ಆಫ್ ಮಾಡುವ ಎನೇಬಲ್ ಪಿನ್ ಎಲ್ಲಿಗೂ ಜೋಡಿಸದೆ ತೇಲಲು ಬಿಡಬಾರದು.